ಕಲಿನಾ ಹಗಲಲ್ಲೇ ಈದಳು

ಕೆನಡಾದ ನಮ್ಮ ಸಸ್ಕ್ಯಾಚೆವಾನ್‌ನಲ್ಲಿ ಫೆಬ್ರವರಿ ಬಂತೆಂದರೆ ಹಸುಗಳು ಈಯುವ ಕಾಲ. ಹೊರಗೆ ಮೈನಸ್ ನಲವತ್ತು. ಅದರಲ್ಲೂ ಇವಕ್ಕೆ ಸರಿರಾತ್ರಿಯೇ ಆಗಬೇಕು. ನಾವು ಕಂಬಳಿ ಹೊದ್ದು ಮಲಗಿದ್ದರೆ ಒದ್ದೆ ಕರು ಹಿಮದ ಮೇಲೆ ಸೆಟೆದುಕೊಳ್ಳುತ್ತದೆ.

ಪಕ್ಕದ ಮನೆಯ ದಾರ್ಕಾಳ ಕೆಂದ ಹಸು ಕಲಿನಾ ಹೀಗೇ ಎರಡು ಚಳಿಗಾಲ ಎರಡು ಕರು ಕಳೆದುಕೊಂಡಿತ್ತು. ಅವಳು ತವರಿನಿಂದ ತಂದ ಹಸುವಿನ ಮಗಳು ಅದು. ಈ ಸಲವೂ ಕರು ಉಳಿಯದಿದ್ದರೆ ಹರಾಜಿಗೇ ಎಂದು ಗಂಡ ಓರೆಸ್ಟ್ ಕೊಟ್ಟಿಗೆಯ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಅದರ ಹೆಸರು ಬರೆದೇಬಿಟ್ಟಿದ್ದ. ದಾರ್ಕಾ ಆ ಹಲಗೆಯ ಕಡೆ ನೋಡುತ್ತಲೇ ಇರಲಿಲ್ಲ. ನನಗೆ ಸಂಕಟವಾಯಿತು. ಜನವರಿಯಲ್ಲಿ ಕಾಫಿಗೆ ಹೋದಾಗ, ಮೇವು ಯಾವಾಗ ಹಾಕುತ್ತೀ ಎಂದು ಓರೆಸ್ಟ್‌ನನ್ನು ಕೇಳಿದೆ.

"ಬೆಳಗಾಗೋ ಮುಂಚೆ. ನಮ್ಮಪ್ಪನೂ ಹಾಗೇ ಹಾಕ್ತಿದ್ದ."

"ಇವತ್ತಿಂದ ಮುಸ್ಸಂಜೇಲಿ ಹಾಕು. ಬೆಳಗಾಗೋಷ್ಟರಲ್ಲಿ ಮೇವು ಖಾಲಿಯಾಗಿರ್ಬೇಕು. ಎಲ್ಲಾ ಅಲ್ಲದಿದ್ರೂ ಹೆಚ್ಚಿನವು ಹಗಲಲ್ಲೇ ಈಯ್ತವೆ."

"ಹಸುಗೆ ಗಡಿಯಾರ ನೋಡೋದು ಕಲಿಸಿದೀಯಾ, ವೆರ್ನಾ?" ಎಂದು ನಕ್ಕ.

ಅವನ ನಿಜವಾದ ಕಷ್ಟ ನನಗೆ ಗೊತ್ತಿತ್ತು. ಮುಸ್ಸಂಜೆಗೆ ಟಿವಿಯಲ್ಲಿ ಐಸ್ ಹಾಕಿ ಆಟ ಬರುತ್ತಿತ್ತು.

"ನೀನು ಆಟ ನೋಡ್ಕೊಂಡಿರು, ಟ್ರ್ಯಾಕ್ಟರ್ ಕೀ ಈ ಕಡೆ ಕೊಡು," ಎಂದಳು ದಾರ್ಕಾ.

ಒಂದು ತಿಂಗಳು ಒಂದು ದಿನವೂ ತಪ್ಪಿಸದೆ ಮುಸ್ಸಂಜೆಗೆ ಅವಳೇ ಮೇವು ಹಾಕಿದಳು. ಗಾಳಿಗೆ ಹಲಗೆ ಅಡ್ಡ ಕಟ್ಟಿ, ನೆಲಕ್ಕೆ ಗೋಧಿ ಹುಲ್ಲನ್ನು ದಪ್ಪಗೆ ಹಾಸಿದಳು. ಓರೆಸ್ಟ್ ಸೋಫಾದಲ್ಲಿ ಕೂತು ಗೊಣಗುತ್ತಿದ್ದ.

ಕಲಿನಾ ಈದದ್ದು ಬೆಳಿಗ್ಗೆ ಹನ್ನೊಂದೂವರೆಗೆ. ನಾನು ಅಲ್ಲೇ ಇದ್ದೆ. ಆದರೆ ಅದು ಹುಲ್ಲು ಬಿಟ್ಟು ಹಿಮದಲ್ಲೇ ಈದಿತು. ದಾರ್ಕಾ ಕರುವಿನ ಬಾಯೊಳಗೆ ಬೆರಳಿಟ್ಟಳು.

"ತಣ್ಣಗಿದೆ," ಎಂದಳು.

ಅಷ್ಟರಲ್ಲಿ ಓರೆಸ್ಟ್ ಟ್ರಕ್ ತಂದಾಗಿತ್ತು. ಕರುವನ್ನು ಎತ್ತಿ ಟ್ರಕ್ಕಿನೊಳಗೆ ಹೀಟರ್ ಮುಂದೆ ಮಲಗಿಸಿ, ಮೂವರೂ ಟವೆಲ್‌ನಿಂದ ಕಿವಿ, ಬಾಲ, ಕಾಲು ಎಲ್ಲ ಉಜ್ಜಿದೆವು. ಬಾಯಿ ಬೆಚ್ಚಗಾಗಿ ಅದು ಬೆರಳು ಚೀಪಿದ ಮೇಲೆ, ಕಲಿನಾಳ ಗಿಣ್ಣು ಹಾಲು ಕರೆದು ಬಾಟಲಿಯಲ್ಲಿ ಕುಡಿಸಿದೆವು. ಪೂರ್ತಿ ಒಣಗಿದ ಮೇಲೆ ತಾಯಿಯ ಹತ್ತಿರ ಬಿಟ್ಟೆವು. ಮಧ್ಯಾಹ್ನದ ಊಟದ ಹೊತ್ತಿಗೆ ಕರು ನಾಲ್ಕು ಕಾಲ ಮೇಲೆ ನಿಂತಿತ್ತು. ಎರಡೂ ಕಿವಿ ನೆಟ್ಟಗಿದ್ದವು.

ದಾರ್ಕಾ ಅಳುತ್ತಲೇ ನಗುತ್ತಿದ್ದಳು. ಓರೆಸ್ಟ್ ಹೋಗಿ ಹಲಗೆಯ ಮೇಲಿನ ಹೆಸರನ್ನು ತನ್ನ ಟೋಪಿಯಿಂದಲೇ ಒರೆಸಿದ.

"ವೆರ್ನಾ," ಎಂದ ಬೆನ್ನು ತಿರುಗಿಸಿಕೊಂಡೇ, "ನಿನ್ನ ಗಡಿಯಾರ ಸರಿಯಾಗೇ ಇದೆ."

ಆ ಸಂಜೆ ಟಿವಿ ಆರಿಸಿ ಟ್ರ್ಯಾಕ್ಟರ್ ಹತ್ತಿದ್ದು ಅವನೇ.

ಓದುತ್ತಿರುವ ನೀವೂ ಈಯುವುದಕ್ಕೆ ಒಂದು ತಿಂಗಳು ಮುಂಚೆಯೇ ಮೇವಿನ ಹೊತ್ತು ಬದಲಿಸಿ. ಕರು ಹುಟ್ಟಿದ ತಕ್ಷಣ ಅದರ ಬಾಯೊಳಗೆ ಬೆರಳಿಡಿ. ತಣ್ಣಗಿದ್ದರೆ ಮೊದಲು ಬೆಚ್ಚಗೆ ಮಾಡಿ, ಆಮೇಲೆ ತಡಮಾಡದೆ ಗಿಣ್ಣು ಹಾಲು ಕುಡಿಸಿ. ನಿಮ್ಮ ಹಲಗೆಯ ಮೇಲೂ ಯಾವುದಾದರೂ ಹೆಸರಿದ್ದರೆ, ಇವತ್ತು ಮುಸ್ಸಂಜೆಗೇ ಶುರುಮಾಡಿ.