ಬಣ್ಣದ ಮನೆಯ ಡ್ರಮ್

ಕೃಷ್ಣೆ ಏರುತ್ತಿದೆ, ಪಂಪ್‌ಹೌಸಿಗೆ ನೀರು ನುಗ್ಗುವ ಮೊದಲೇ ಮೋಟರ್ ನಿಲ್ಲಿಸುತ್ತೇವೆ, ಹನ್ನೊಂದರ ನಂತರ ನಾಲ್ಕು ದಿನ ನಳಕ್ಕೆ ನೀರು ಬರುವುದಿಲ್ಲ ಎಂದು ಬೆಳಿಗ್ಗೆ ಎಂಟಕ್ಕೆ ಧ್ವನಿವರ್ಧಕದ ಆಟೊ ರಬಕವಿಯ ಓಣಿಗಳಲ್ಲಿ ಸಾರಿ ಹೋಯಿತು. ಅದು ತಿರುವು ದಾಟುವುದರೊಳಗೆ ಶಂಕ್ರೆವ್ವ ನಳಕ್ಕೆ ಪೈಪು ಸಿಕ್ಕಿಸಿದ್ದಳು.

ಪೈಪಿನ ಇನ್ನೊಂದು ತುದಿ ಇನ್ನೂರು ಲೀಟರಿನ ನೀಲಿ ಡ್ರಮ್ಮಿನಲ್ಲಿತ್ತು. ಅದು ಹಿತ್ತಲಿನ ಬಣ್ಣದ ಮನೆಯದು. ಅವಳ ಗಂಡ ಚನಮಲ್ಲಪ್ಪ ಅಲ್ಲಿ ನೂಲಿಗೆ ಬಣ್ಣ ಹಾಕುವುದನ್ನು ಬಿಟ್ಟು ಎರಡು ವರ್ಷವಾಗಿತ್ತು. ನೇಕಾರರ ಆ ಓಣಿಯಲ್ಲಿ ಅಂಥ ಡ್ರಮ್ ಇಲ್ಲದ ಮನೆಯಿರಲಿಲ್ಲ.

“ಮೂರು ಸಲ ತೊಳದೇನಿ. ಬರೇ ನೀರಾಗ. ಸಬಕಾರದ ವಾಸನಿ ಕೂಸಿಗೆ ಆಗಂಗಿಲ್ಲಂತ,” ಎಂದು ಸೊಸೆ ಕಾವ್ಯಳಿಗೆ ಹೇಳಿದಳು.

ಕಾವ್ಯಳ ಎಂಟು ತಿಂಗಳ ಮಗಳು ಭೇದಿಯಾಗಿ ಆಸ್ಪತ್ರೆ ಸೇರಿ, ಮನೆಗೆ ಮರಳಿ ಮೂರೇ ದಿನವಾಗಿತ್ತು. ಕುದಿಸಿ ಆರಿಸಿದ ನೀರನ್ನಷ್ಟೇ ಕೊಡಬೇಕೆಂದು ವೈದ್ಯರು ಹೇಳಿದ್ದರು.

ಹತ್ತೂಕಾಲಿಗೆ ಡ್ರಮ್ ತುಂಬಿತು. ಆಶಾ ಕಾರ್ಯಕರ್ತೆ ಕೊಟ್ಟಿದ್ದ ಕ್ಲೋರಿನ್ ಮಾತ್ರೆಗಳನ್ನು ಹಾಕಲು ಬಂದ ಕಾವ್ಯ, ನೀರು ತಾಗಿದ ಬೆರಳುಗಳನ್ನು ಒಂದಕ್ಕೊಂದು ತಿಕ್ಕಿ ನೋಡಿದಳು.

“ಅತ್ತಿ, ನೀರು ಜಾರತೈತ್ರಿ.”

“ಕೂಸಿಗೆ ಎಣ್ಣಿ ಹಚ್ಚಿದ ಕೈ ಅದು.”

“ತೊಳಕೊಂಡೇ ಬಂದೇನ್ರಿ. ಮಾವಾರ, ಇದರಾಗ ಮದಲ ಏನಿತ್ರಿ?”

ಕಟ್ಟೆಯ ಮೇಲಿದ್ದ ಚನಮಲ್ಲಪ್ಪ ತಲೆ ಕೆರೆದುಕೊಂಡ. “ಒಂದರಾಗ ಬರೇ ನೀರು ಇಡತಿದ್ದೆ, ಒಂದರಾಗ ಬಣ್ಣಕ್ಕ ಹಾಕೋ ಕಾಸ್ಟಿಕ್ ಸೋಡಾ. ಇದು ಯಾವದೋ ನೆನಪಿಲ್ಲವಾ.”

“ಇದ್ದರ ಏನಾತು? ಕುದಿಸಿ ಕೊಡತೀನಿ,” ಎಂದಳು ಶಂಕ್ರೆವ್ವ.

“ಕುದಿಸಿದರ ರೋಗದ ಹುಳ ಸಾಯತಾವ್ರಿ. ಕಾಸ್ಟಿಕ್ ಎಲ್ಲಿ ಹೋಗತೈತಿ?”

“ಐದು ಮಕ್ಕಳನ್ನ ಬೆಳಸೇನಿ ಬೇ ನಾ! ಇನ್ನ ಮುಕ್ಕಾಲು ತಾಸಿಗೆ ನಳ ಹೋಗತೈತಿ. ಇದನ್ನ ಬಿಟ್ಟು ನಾಕು ದಿನ ಕೂಸಿಗೆ ಏನ ಕುಡಸ್ತಿ?”

ಕಾವ್ಯ ಒಳಗೆ ಹೋಗಿ ಬಿಳಿ ಬಟ್ಟೆಯ ಎರಡು ತುಂಡಿಗೆ ಅರಿಶಿನ ಸವರಿ ತಂದಳು. ಒಂದನ್ನು ನಳದ ನೀರಿಗೆ ಹಿಡಿದಳು. ಹಳದಿ ಹಳದಿಯಾಗಿಯೇ ಉಳಿಯಿತು. ಇನ್ನೊಂದನ್ನು ಡ್ರಮ್ಮಿನಲ್ಲಿ ಅದ್ದಿ ತೆಗೆದಳು. ಅದು ಕಂದುಗೆಂಪಾಗಿತ್ತು.

ಶಂಕ್ರೆವ್ವ ಬಟ್ಟೆಯನ್ನು ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದಳು. ಆರತಿಯ ನೀರಿಗೆ ಅರಿಶಿನ, ಸುಣ್ಣ ಕಲಸಿ ಕೆಂಪು ಮಾಡುವುದು ಅವಳಿಗೆ ಹೊಸದಲ್ಲ.

“ಸುಣ್ಣ ಕೂಡಿದಂಗ ಆತಲ್ಲ. ಕಾಸ್ಟಿಕ್ಕಿನ ಡ್ರಮ್ಮೇ ಇದು,” ಎಂದಳು ಮೆಲ್ಲಗೆ.

“ಇನ್ನೂ ಹತ್ತು ಸೀರಿ ನೂಲಿಗೆ ಸಾಲತೈತಿ ನೋಡು,” ಎಂದ ಚನಮಲ್ಲಪ್ಪ.

“ನಗ್ತೀರೇನ್ರಿ? ಡ್ರಮ್ಮಿನ ಮ್ಯಾಲ ಒಂದಕ್ಷರ ಬರದಿಟ್ಟಿದ್ದರ ಆಗತಿತ್ತು. ಏಳ್ರಿ, ಪೈಪು ಹಿಡೀರಿ!” ಎಂದು ಶಂಕ್ರೆವ್ವ ಗಂಡನನ್ನು ಗದರಿದಳು.

ಆಗ ಹತ್ತೂವರೆ. ಡ್ರಮ್ಮಿಗೆ ಮುಚ್ಚಳ ಹಾಕಿ, ಸಂಡಾಸಕ್ಕೆ ಸುರಿಯಲಾದರೂ ಆದೀತೆಂದು ಅತ್ತ ಉರುಳಿಸಿದರು. ಸ್ಟೀಲಿನ ಕೊಡಗಳು, ಎರಡು ಕುಕ್ಕರ್, ಹಾಲಿನ ಕ್ಯಾನು, ಊಟದ ಡಬ್ಬಿಗಳು, ಚಹದ ಥರ್ಮಾಸ್ ಸಹ ಅಂಗಳಕ್ಕೆ ಬಂದವು. ನೀರು ಆಗಲೇ ಸಣ್ಣಗಾಗಿತ್ತು. ಹನ್ನೊಂದಕ್ಕೆ ಐದು ನಿಮಿಷ ಇರುವಾಗ ನಳ ಬುಸ್ಸೆಂದು ಗಾಳಿ ಬಿಟ್ಟು ನಿಂತಿತು. ಕಾವ್ಯ ಲೆಕ್ಕ ಹಾಕಿದಳು: ಅರವತ್ತೆಂಟು ಲೀಟರ್. ಕುಡಿಯಲು, ಅಡುಗೆಗೆ ಸಾಕು.

“ನನ್ನ ಜಳಕ?” ಎಂದ ಚನಮಲ್ಲಪ್ಪ.

“ಶನಿವಾರ ಮಾಡ್ರಿ,” ಎಂದಳು ಹೆಂಡತಿ.

ಅಂದು ಮಂಗಳವಾರ.

ಶಂಕ್ರೆವ್ವ ಮುಚ್ಚಳ ಭದ್ರವಿದ್ದ ಕೊಡವೊಂದನ್ನು ದೇವರ ಕೋಣೆಯಲ್ಲಿಟ್ಟು, ಇದು ಕೂಸಿಂದು, ಯಾರೂ ಕೈ ಹಾಕಬಾರದು ಎಂದಳು. ಅದರಿಂದ ಒಂದು ತಂಬಿಗೆ ಪಾತ್ರೆಗೆ ಸುರಿದು, ಒಲೆ ಹೊತ್ತಿಸಿ, ಸೊಸೆಯನ್ನು ಕರೆದಳು.

“ಎಷ್ಟೊತ್ತು ಕುದಿಸಲಿ?”

“ಮಳ್ಳಿದ ಮ್ಯಾಲ ಒಂದು ನಿಮಿಷ ಸಾಕ್ರಿ.”

“ಎರಡು ಕುದಸ್ತೀನಿ,” ಎಂದಳು ಶಂಕ್ರೆವ್ವ.