ಲೇಪದ ಬಟ್ಟಲಿನ ಹಾಲು

ಮನುಷ್ಯಕುಲದ ಚರಿತ್ರೆಯಲ್ಲಿ ಇಂಥವು ಪದೇ ಪದೇ ನಡೆಯುವುದಿಲ್ಲವಾದ್ದರಿಂದ ತಕ್ಕ ಗಾಂಭೀರ್ಯದಿಂದಲೇ ದಾಖಲಿಸುತ್ತೇನೆ: ಆ ಬುಧವಾರ ಬೆಳಿಗ್ಗೆ ನಮ್ಮ ಮನೆಯಲ್ಲಿ ಮೊಸರು ಆಗಿರಲಿಲ್ಲ.

ಅಮ್ಮ ಬಟ್ಟಲನ್ನು ಓರೆ ಮಾಡಿದಳು. ಹಾಲು ಹಾಲಾಗಿಯೇ ಹರಿಯಿತು.

"ಈ ಕೈಯಲ್ಲಿ ಮೊಸರು ಆಗ್ಲಿಲ್ಲ ಅನ್ನೋ ದಿನ ಇರ್ಲಿಲ್ಲ ಕಣೋ," ಎಂದು ಅಂಗೈ ನೋಡಿಕೊಂಡಳು. ನಾನು ಕುಣಿಯುವುದೊಂದು ಬಾಕಿ. ಹೆಂಡತಿ ಇಬ್ಬರನ್ನೂ ನೋಡಿ, "ಹಾಲು ಹಾಳಾದ್ರೆ ಹಲ್ಲು ಬಿಡೋರನ್ನ ಇವರೊಬ್ಬರನ್ನೇ ನೋಡಿದ್ದು," ಎಂದಳು.

ಕಾರಣವಿತ್ತು. ಸತುವಿನ ಆಕ್ಸೈಡನ್ನು ಕಣ್ಣಿಗೆ ಕಾಣದಷ್ಟು ನುಣ್ಣನೆಯ ನ್ಯಾನೋ ಕಣಗಳಾಗಿ ಮಾಡಿ, ಪಿಂಗಾಣಿಯ ಹೊಳಪಿನ ಲೇಪಕ್ಕೆ ಬೆರೆಸಿ, ಕುಲುಮೆಯಲ್ಲಿ ಸುಡುವುದು ನನ್ನ ಕಸುಬು. ಅದನ್ನು ಮುಟ್ಟಿದ ಬ್ಯಾಕ್ಟೀರಿಯಾ ಸಾಯಬೇಕೆಂಬುದು ಯೋಜನೆ. ಬ್ಯಾಕ್ಟೀರಿಯಾಗಳಿಗೆ ಯೋಜನೆಯ ಪ್ರತಿ ತಲುಪಿರಲಿಲ್ಲವೆಂದು ತೋರುತ್ತದೆ; ಪ್ರಯೋಗಾಲಯದಲ್ಲಿ ಒಂದು ದಿನ ಸತ್ತರೆ ಮರುದಿನ ಮಕ್ಕಳುಮರಿ ಸಮೇತ ಸಂಸಾರ ಹೂಡುತ್ತಿದ್ದವು. ಸೋಮವಾರ ಪರಿಶೀಲನಾ ಸಮಿತಿ ಬರಲಿತ್ತು. ಒಳ್ಳೆಯ ಫಲಿತಾಂಶ ತೋರಿಸದಿದ್ದರೆ ಯೋಜನೆ ಬಂದ್, ಅದರ ಜೊತೆ ನನ್ನ ಹುದ್ದೆಯೂ. ಮುಳುಗುವವನಿಗೆ ಹುಲ್ಲುಕಡ್ಡಿ ಆಸರೆ ಎಂಬಂತೆ, ಲೇಪ ಹಚ್ಚಿದ ಬಟ್ಟಲೊಂದನ್ನು ತಂದು ಅಮ್ಮನ ಕೈಗಿಟ್ಟಿದ್ದೆ. ಮೊಸರೆಂದರೆ ಬ್ಯಾಕ್ಟೀರಿಯಾದ ಕೆಲಸ ತಾನೇ? ಆಗದಿದ್ದರೆ ನಾನು ಗೆದ್ದಂತೆ.

ಗುರುವಾರವೂ ಆಗಲಿಲ್ಲ, ಶುಕ್ರವಾರವೂ ಇಲ್ಲ. ನಾನು ಮುಖ್ಯಸ್ಥರ ಕೋಣೆಗೆ ನುಗ್ಗಿ, "ಸಾರ್, ಮೂರು ಸಲ ಮಾಡಿದ್ರೂ ಅದೇ ಫಲಿತಾಂಶ," ಎಂದೆ. ಮಾಡಿದವಳು ಅಮ್ಮ ಎಂಬ ವಿವರ ಬಿಟ್ಟೆ. ವಿಜ್ಞಾನದಲ್ಲಿ ಸಂಕ್ಷೇಪ ಮುಖ್ಯ. ಅವರು ತಕ್ಷಣ ಸಮಿತಿಗೆ ಫೋನ್ ಹಚ್ಚಿ, "ಕಣ್ಣಾರೆ ತೋರಿಸ್ತೀವಿ, ಬಟ್ಟಲಲ್ಲೇ," ಎಂದುಬಿಟ್ಟರು.

ಸುದ್ದಿ ಕೇಳಿ ಸೂಕ್ಷ್ಮಜೀವಿ ವಿಭಾಗದ ಸಹೋದ್ಯೋಗಿ ಚಹಾ ಲೋಟ ಕೆಳಗಿಟ್ಟಳು. ಅವಳಿಗೆ ನಾವಿಟ್ಟ ಹೆಸರು ತಕರಾರಕ್ಕ.

"ಸಾದಾ ಬಟ್ಟಲಲ್ಲೂ ಹೆಪ್ಪು ಹಾಕಿ ನೋಡಿದ್ರಾ?"

"ಅದರಲ್ಲಿ ಮೊಸರು ಆಗುತ್ತೆ ಅಂತ ಲೋಕಕ್ಕೇ ಗೊತ್ತಲ್ರೀ."

"ಲೋಕ ಸೋಮವಾರ ಸಮಿತಿ ಮುಂದೆ ನಿಲ್ಲಲ್ಲ, ನಿಲ್ಲೋರು ನೀವು."

ಹೋಲಿಸಿ ನೋಡಲು ಸಾದಾ ಮಾದರಿಯಿಲ್ಲದ ಪ್ರಯೋಗ ತಾಳವಿಲ್ಲದ ಹಾಡು ಎಂದು ವಿದ್ಯಾರ್ಥಿಗಳಿಗೆ ವರ್ಷಗಟ್ಟಲೆ ಪಾಠ ಹೇಳಿದವನು ನಾನೇ.

ಆ ಸಂಜೆ ಎರಡೂ ಬಟ್ಟಲಿಗೆ ಹೆಪ್ಪು ಹಾಕಿಸಿದೆ. ಬೆಳಿಗ್ಗೆ ಎರಡರಲ್ಲೂ ಹಾಲೇ.

"ಅಮ್ಮಾ, ಹೆಪ್ಪು ಎಲ್ಲಿಂದ ತಗೊಂಡೆ?"

"ಇನ್ನೆಲ್ಲಿಂದ? ದಿನಾ ಮಾಡೋ ಹಾಗೆ, ಹಿಂದಿನ ದಿನದ್ದೇ ಒಂದು ಚಮಚ."

"ಅದು ಮೊಸರೇ ಆಗಿರ್ಲಿಲ್ವಲ್ಲಮ್ಮ!"

"ಆಗ್ಲಿಲ್ಲ ಅಂತ ಪದ್ಧತಿ ಬಿಡೋಕಾಗುತ್ತಾ?"

ಅಂದರೆ ಹಾಲಿಗೆ ಹಾಲನ್ನೇ ಹೆಪ್ಪು ಹಾಕಿ ಕಾಯುತ್ತಿದ್ದೆವು. ಆದರೂ ಮೊದಲ ದಿನ ಉಳಿಯಿತಲ್ಲ! ಅವತ್ತಿನ ಹೆಪ್ಪು ಹಳೆಯ ಪಾತ್ರೆಯ ಗಟ್ಟಿ ಮೊಸರಿನದು. ಆ ಒಂದು ದಿನವನ್ನು ತಬ್ಬಿಕೊಂಡು, ಅವತ್ತು ಹೆಪ್ಪು ಹೇಗೆ ಹಾಕಿದೆ ಎಂದು ಕೇಳಿದೆ.

"ಅವತ್ತಾ? ನಿನ್ನ ಲ್ಯಾಬಿನ ಬಟ್ಟಲು, ಏನು ವಿಷ ಬಳ್ದಿದ್ಯೋ ಅಂತ ಕುದಿಯೋ ನೀರಲ್ಲಿ ಮುಳುಗಿಸಿಟ್ಟೆ. ತೆಗೆದ್ರೆ ಕೈ ಸುಡ್ತಿತ್ತು. ನೀನು ಬೇಗ ಬೇಗ ಅಂತ ತಲೆ ಮೇಲೆ ನಿಂತಿದ್ದೆ. ಹಾಗೇ ತಳಕ್ಕೆ ಹೆಪ್ಪು ಹಾಕಿ ಬಿಸಿ ಹಾಲು ಹುಯ್ದೆ."

ಬ್ಯಾಕ್ಟೀರಿಯಾಗಳನ್ನು ಕೊಂದದ್ದು ನನ್ನ ಲೇಪವಲ್ಲ, ಲೇಪದ ಮೇಲೆ ಅಮ್ಮನಿಗಿದ್ದ ಅನುಮಾನ.

ಹೆಂಡತಿ ಗಟ್ಟಿಯಾಗಿ ನಗಲಿಲ್ಲ; ಅದಕ್ಕೆ ಇವತ್ತಿಗೂ ಋಣಿ. ಪಕ್ಕದ ಮನೆಯಿಂದ ಹೆಪ್ಪು ತಂದುಕೊಟ್ಟಳು. ಭಾನುವಾರ ಬೆಳಿಗ್ಗೆ ಎರಡೂ ಬಟ್ಟಲಲ್ಲಿ ಚಾಕು ಹಾಕಿದರೆ ಹೋಳಾಗುವಂಥ ಮೊಸರು. ನನ್ನ ಬಟ್ಟಲಿನದು, ಸುಳ್ಳೇಕೆ, ತುಸು ಹೆಚ್ಚೇ ಗಟ್ಟಿ. ಅಮ್ಮ ಹಿಗ್ಗಿಹೋದಳು.

"ಚೆನ್ನಾಗಿದೆ ಕಣೋ ನಿನ್ನ ಬಟ್ಟಲು. ಇನ್ನೊಂದೆರಡು ತಂದ್ಕೊಡು."

ಸೋಮವಾರ ಎರಡನ್ನೂ ಸಮಿತಿಯ ಮುಂದಿಟ್ಟು ನಡೆದದ್ದನ್ನೆಲ್ಲ ಹೇಳಿದೆ. ಮುಖ್ಯಸ್ಥರು ಕಿಟಕಿಯಾಚೆ ಏನನ್ನೋ ಆಳವಾಗಿ ಅಧ್ಯಯನ ಮಾಡುತ್ತಿದ್ದರು. ಸಮಿತಿಯ ಹಿರಿಯರು ಬಗ್ಗಿ ನೋಡಿ, "ಇದರಲ್ಲಿ ನಿಮ್ಮ ಲೇಪದ್ದು ಯಾವುದು?" ಎಂದರು. ಮೊಸರು ಚೆಲ್ಲದಂತೆ ಮೇಲೆತ್ತಿ, ತಳದ ಗುರುತು ಹುಡುಕಿ ಹೇಳಬೇಕಾಯಿತು.

ಯೋಜನೆಯನ್ನು ಮುಂದುವರಿಸಲಿಲ್ಲ.