ಲಿಯೊನಾರ್ಡ್ ಬ್ರೇಥ್‌ವೈಟ್ ಎದುರು ಬಾಗಿಲು ಹೊಕ್ಕಿದ್ದು

ಲಿಯೊನಾರ್ಡ್ ಬ್ರೇಥ್‌ವೈಟ್ ಥಾರ್ನ್‌ಬೆಕ್ ಕ್ಷೇತ್ರದಿಂದ ಪಾರ್ಲಿಮೆಂಟಿಗೆ ಆರಿಸಿಬಂದು ಹತ್ತೊಂಬತ್ತು ವರ್ಷವಾಗಿತ್ತು. ಅಷ್ಟರಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಸಲ ಮತ ಹಾಕಿದ್ದ. ಒಮ್ಮೆಯೂ ಪಕ್ಷದ ಮಾತು ಮೀರಿದವನಲ್ಲ. ಮತದ ಗಂಟೆ ಬಾರಿಸಿದರೆ ಏಳುವುದು, ಮುಂದಿನವನ ಬೆನ್ನು ನೋಡಿಕೊಂಡು "ಹೌದು" ಇಲ್ಲವೇ "ಇಲ್ಲ" ಎನ್ನುವವರ ಪಡಸಾಲೆಗೆ ಹೋಗುವುದು, ಯಂತ್ರಕ್ಕೆ ಕಾರ್ಡು ಮುಟ್ಟಿಸುವುದು, ಬಂದು ಚಹಾ ಕುಡಿಯುವುದು. ಮಸೂದೆ ಯಾವುದು ಎಂದು ಕೇಳುವ ಅಭ್ಯಾಸವನ್ನು ಎರಡನೇ ವರ್ಷವೇ ಬಿಟ್ಟಿದ್ದ. ಕೋಲೆಬಸವನಾದರೂ ಆಗೀಗ ಅಡ್ಡಡ್ಡ ತಲೆಯಾಡಿಸುತ್ತದೆ. ಇವನಿಗೆ ಅದೂ ಗೊತ್ತಿರಲಿಲ್ಲ.

ಅವನನ್ನು ಕೆಡಿಸಿದ್ದು ಮಂಡಿನೋವು.

ಅಂದು ಮಧ್ಯಾಹ್ನ ಗಂಟೆ ಬಾರಿಸಿದಾಗ ವಿರೋಧ ಪಕ್ಷದ ಐವರ್ ಪ್ರಾಸರ್ ದಾರಿಯಲ್ಲಿ ಸಿಕ್ಕ. ಐವರ್‌ಗೆ ಆಗಷ್ಟೇ ಮಂಡಿ ಬದಲಾಯಿಸಿದ್ದರು.

"ಮೂರನೇ ದಿನಕ್ಕೇ ಮೆಟ್ಟಿಲು ಹತ್ತಿದೆ ಕಣಯ್ಯಾ!"

"ಸುಳ್ಳು ಹೇಳ್ಬೇಡ. ಯಾವ ಡಾಕ್ಟರು?"

ಡಾಕ್ಟರ ಹೆಸರು, ಹೊಲಿಗೆ, ಊರುಗೋಲು ಎಲ್ಲ ವಿಚಾರಿಸುತ್ತ ಲಿಯೊನಾರ್ಡ್ ಐವರ್‌ನ ಪಕ್ಕದಲ್ಲೇ ಕುಂಟಿಕೊಂಡು ನಡೆದ, ಕಾರ್ಡು ಮುಟ್ಟಿಸಿದ. ಯಂತ್ರ ಕುಂಯ್ ಎಂದಿತು. ತಲೆಯೆತ್ತಿ ನೋಡಿದರೆ ಸುತ್ತಲೂ ವಿರೋಧ ಪಕ್ಷದವರು. ಅವನು ಹೊಕ್ಕಿದ್ದು "ಇಲ್ಲ" ಎನ್ನುವವರ ಪಡಸಾಲೆ. ಆಚೆಯ ಪಡಸಾಲೆಗೆ ಓಡಿ ಅಲ್ಲೂ ಮತ ಹಾಕಿದ್ದರೆ ಇದು ವಜಾ ಆಗುತ್ತಿತ್ತು. ಆದರೆ ಆ ಮಂಡಿಯಲ್ಲಿ ಓಡುವುದೆಂತು? ಅವನು ತಲುಪುವ ಹೊತ್ತಿಗೆ ಬಾಗಿಲು ಮೂಗಿನೆದುರೇ ಮುಚ್ಚಿಕೊಂಡಿತು.

ಮಸೂದೆ ಹಳ್ಳಿಯ ಬಸ್ಸುಗಳಿಗೆ ಕೊಡುವ ಹಣವನ್ನು ಕಡಿತ ಮಾಡುವುದಾಗಿತ್ತು. ಸರ್ಕಾರವೇನೋ ಸುಲಭವಾಗಿ ಗೆದ್ದಿತು. ಆದರೂ ಪಕ್ಷದ ಸಚೇತಕ ಫರ್ಗಸ್ ಡಾಲ್ಬಿ ಅವನನ್ನು ಕರೆಸಿದ.

"ಏನಪ್ಪಾ ಲಿಯೊನಾರ್ಡ್, ಈ ವಯಸ್ಸಲ್ಲಿ ಕ್ರಾಂತಿನಾ?"

"ಮಂಡಿ ವಿಷಯ ಮಾತಾಡ್ತಾ ಇದ್ದೆ, ಫರ್ಗಸ್."

"ಕಣ್ತಪ್ಪಿನಿಂದ ಆಯ್ತು ಅಂತ ಒಂದು ಕಾಗದ ಬರೆದು ಕೊಡು. ಮುಗೀತು."

ಕಾಗದ ಬರೆದುಕೊಟ್ಟು, ಬೀಸುವ ದೊಣ್ಣೆ ತಪ್ಪಿತು ಎಂದುಕೊಂಡು ಲಿಯೊನಾರ್ಡ್ ಶುಕ್ರವಾರ ಊರಿನ ರೈಲು ಹತ್ತಿದ. ಸ್ಟೇಷನ್ನಿನಲ್ಲಿ ಇಳಿದರೆ ಹಿತ್ತಾಳೆ ವಾದ್ಯದವರು ಊದುತ್ತಿದ್ದಾರೆ! "ನಮ್ಮ 74ಕ್ಕಾಗಿ ಎದ್ದು ನಿಂತ ಬ್ರೇಥ್‌ವೈಟ್" ಎಂದು ಊರಿನ ಪತ್ರಿಕೆ ಮುಖಪುಟದಲ್ಲೇ ಬರೆದಿತ್ತು. 74 ಎಂದರೆ ಗುಡ್ಡದ ಹಳ್ಳಿಗಳಿಗೆ ಹೋಗುವ ಬಸ್ಸು. ಕುರಿ ಸಾಕುವವರೆಲ್ಲ ಸೇರಿ ಒಂದು ಟಗರನ್ನು ಅವನ ಕೈಗೆ ಕಟ್ಟಿದರು. ಕಣ್ತಪ್ಪಿನ ಕಾಗದದ ಸುದ್ದಿಯನ್ನು ಅವನು ಎತ್ತಲೇ ಇಲ್ಲ.

ಅವನ ಹೆಂಡತಿ ಹಿಲ್ಡಾ ಟಗರನ್ನು ಒಮ್ಮೆ, ಗಂಡನನ್ನು ಒಮ್ಮೆ ನೋಡಿದಳು. "ಲೆನ್, ಎರಡರಲ್ಲಿ ಒಂದೇ ಒಳಗೆ ಬರೋದು."

ಮುನ್ನೂರು ಪೌಂಡ್ ಮೀರಿದ ಉಡುಗೊರೆಯನ್ನು ಸದಸ್ಯರು ಪಾರ್ಲಿಮೆಂಟಿನ ಹಿತಾಸಕ್ತಿಗಳ ದಾಖಲೆಯಲ್ಲಿ ಬರೆಸಲೇಬೇಕು. ಲಿಯೊನಾರ್ಡನ ಪುಟದಲ್ಲಿ ಹತ್ತೊಂಬತ್ತು ವರ್ಷಕ್ಕೆ ಇದ್ದದ್ದು ಒಂದು ಬುಟ್ಟಿ ಚೀಸು ಮಾತ್ರ. ಅವನು ಆ ದಾಖಲೆ ಇಡುವ ಲಂಡನ್ನಿನ ಕಚೇರಿಗೆ ಫೋನು ಮಾಡಿದ.

"ಟಗರು ತಮ್ಮ ರಾಜಕೀಯ ಕೆಲಸಕ್ಕೋ, ಸ್ವಂತಕ್ಕೋ ಸರ್?" ಎಂದು ಗುಮಾಸ್ತೆ ಗಂಭೀರವಾಗಿ ಕೇಳಿದಳು.

"ಅದಿನ್ನೂ ತನ್ನ ಅಭಿಪ್ರಾಯ ಹೇಳಿಲ್ಲಮ್ಮಾ."

ಕೊನೆಗೆ ಟಗರು ದಾಖಲೆಗೂ ಹೋಯಿತು, ಹಿಲ್ಡಾಳ ತಮ್ಮನ ಹುಲ್ಲುಗಾವಲಿಗೂ ಹೋಯಿತು.

ಶನಿವಾರ ಜನರ ಅಹವಾಲು ಕೇಳಲು ಅವನು ಗ್ರಂಥಾಲಯದಲ್ಲಿ ಕೂರುವುದು ವಾಡಿಕೆ. ಮೊದಲು ಬಂದವರು ಮಿಸ್ ಥ್ವೇಟ್ಸ್. ಅವನಿಗೆ ಐದನೇ ತರಗತಿಯಲ್ಲಿ ಪಾಠ ಹೇಳಿದವರು, ಈಗ ಎಂಬತ್ತೆಂಟು. ಬಗಲಲ್ಲಿ ಒಂದು ಕಂತೆ ಕಾಗದ.

"ಲಿಯೊನಾರ್ಡ್, ಬೇಕಂತ್ಲೇ ಹಾಕಿದ್ಯೋ, ದಾರಿ ತಪ್ಪಿದ್ಯೋ?"

ಇಡೀ ಊರಿಗೆ ಸುಳ್ಳು ಹೇಳಬಹುದಿತ್ತು. ಈ ಒಬ್ಬರಿಗೆ ಆಗಲೂ ಆಗಿರಲಿಲ್ಲ, ಈಗಲೂ ಆಗಲಿಲ್ಲ.

"ದಾರಿ ತಪ್ಪಿದೆ ಮಿಸ್."

"ಅಂದ್ಕೊಂಡೆ." ಅವರು ಕಂತೆ ಬಿಚ್ಚಿದರು. ಅವನು ಹಾಕಿದ ಮತಗಳ ಪಟ್ಟಿಯನ್ನೆಲ್ಲ ಅಚ್ಚು ಹಾಕಿಸಿಕೊಂಡು ಬಂದಿದ್ದರು. "ನೋಡು, ಇಲ್ಲೊಂದು, ಇಲ್ಲೊಂದು, ಇಲ್ಲಿ ಇನ್ನೊಂದು. ಬಸ್ಸಿನ ದುಡ್ಡಿಗೆ ಕತ್ತರಿ ಹಾಕೋಕೆ ಮೂರು ಸಲ ಹೂಂ ಅಂದಿದೀಯ. ಭಾನುವಾರದ ಬಸ್ಸು ನಿಂತಿದ್ದು ಹೇಗೆ ಅನ್ಕೊಂಡೆ?"

"ಭಾನುವಾರ ಬಸ್ ಇತ್ತಾ ಮಿಸ್?"

ಮಿಸ್ ಥ್ವೇಟ್ಸ್ ಕಂತೆಯನ್ನು ಮತ್ತೆ ಕಟ್ಟಿದರು. ಆಮೇಲೆ, "ಕೋಟು ಹಾಕ್ಕೋ. ಹನ್ನೊಂದೂ ಕಾಲಿಗೆ ಬರತ್ತೆ" ಎಂದರು.

ಹೀಗೆ ಲಿಯೊನಾರ್ಡ್ ಜೀವಮಾನದಲ್ಲಿ ಮೊದಲ ಸಲ 74 ಹತ್ತಿದ. ಹೊಗಳಿಕೆ ಕೇಳಲು ಮುಖ ಅರಳಿಸಿಕೊಂಡೇ ಕೂತ. ಮುಂದಿನ ಸೀಟಿನ ಮುದುಕಿ ತಿರುಗಿ, "ನೀನೇನಾ ಬಸ್ ಉಳಿಸಿದೋನು? ಹಾಗಾದ್ರೆ ಹೀಟರ್ ಯಾಕೆ ಕೆಟ್ಟಿದೆ?" ಎಂದಳು. ಅದಕ್ಕೆ ಇನ್ನಿಬ್ಬರು ದನಿಗೂಡಿಸಿದರು. ಗುಡ್ಡದ ತಿರುವಿನಲ್ಲಿ ಡ್ರೈವರ್ ಬಸ್ಸು ನಿಲ್ಲಿಸಿ ಕೆಳಗಿಳಿದ. ಗೇಟಿನ ಬಳಿ ಕಾದಿದ್ದ ಒಬ್ಬ ಮುದುಕನ ಕೈಗೆ ಔಷಧಿ ಪೊಟ್ಟಣ ಕೊಟ್ಟು, ಖಾಲಿ ಸೀಸೆ ಇಸಕೊಂಡು ಬಂದ. ಯಾರೂ ಅದನ್ನು ವಿಶೇಷವೆಂದು ನೋಡಲಿಲ್ಲ. ಲಿಯೊನಾರ್ಡ್ ಮಾತ್ರ ನೋಡಿದ. ಆ ಗೇಟು ಕಣ್ಮರೆಯಾಗುವವರೆಗೂ ಕತ್ತು ಹೊರಳಿಸಿ ನೋಡಿದ. ಭಾನುವಾರ ಆ ಮುದುಕ ಏನು ಮಾಡುತ್ತಾನೆ ಎಂದು ಕೇಳುವ ಧೈರ್ಯವಾಗಲಿಲ್ಲ.

ಹದಿನೈದು ದಿನ ಕಳೆಯುವುದರೊಳಗೆ ಮೇಲ್ಮನೆ ಬಸ್ಸಿನ ಹಣ ಉಳಿಸುವಂತೆ ತಿದ್ದಿ ಮಸೂದೆಯನ್ನು ಹಿಂದಕ್ಕೆ ಕಳಿಸಿತು. ಸರ್ಕಾರ ಆ ತಿದ್ದುಪಡಿಯನ್ನು ತಳ್ಳಿಹಾಕಲು ಹೊರಟಿತು, ಮತ್ತೆ ಗಂಟೆ ಬಾರಿಸಿತು. ಲಿಯೊನಾರ್ಡ್ ಎದ್ದು, ಒಂಟಿಯಾಗಿ, ಎದುರು ಪಡಸಾಲೆಯತ್ತ ಕುಂಟಿದ. ಬಾಗಿಲಲ್ಲಿ ಫರ್ಗಸ್ ನಿಂತಿದ್ದ.

"ಲಿಯೊನಾರ್ಡ್, ಅದು ತಪ್ಪು ಬಾಗಿಲು."

"ಗೊತ್ತು."

"ಇವತ್ತು ಮಂಡಿ ಗಿಂಡಿ ಅಂತ ನೆಪ ಹೇಳಂಗಿಲ್ಲ."

"ಹೇಳಲ್ಲ. ಸ್ವಲ್ಪ ಆಚೆ ಸರಿ, ನಿಂತ್ರೆ ನೋವು ಜಾಸ್ತಿ."

ಲಿಯೊನಾರ್ಡ್ ಒಳಗೆ ಹೋಗಿ ಕಾರ್ಡು ಮುಟ್ಟಿಸಿದ, ಯಂತ್ರ ಕುಂಯ್ ಎಂದಿತು.

ಸರ್ಕಾರ ಒಂಬತ್ತು ಮತಗಳಿಂದ ಗೆದ್ದಿತು. 74 ವಾರಕ್ಕೆ ಮೂರೇ ದಿನ ಓಡುವಂತಾಯಿತು. ಸ್ಟೇಷನ್ನಿನಲ್ಲಿ ಈ ಸಲ ವಾದ್ಯವಿಲ್ಲ. ನಿಜವಾಗಿ ಎದ್ದು ನಿಂತದ್ದನ್ನು ಊರಿನ ಪತ್ರಿಕೆ ಹನ್ನೊಂದನೇ ಪುಟದಲ್ಲಿ, ಕಳೆದುಹೋದ ಬೆಕ್ಕಿನ ಕೆಳಗೆ ಹಾಕಿತು. ಪಾರ್ಲಿಮೆಂಟಿನ ಊಟೋಪಚಾರ ಸಮಿತಿಯಲ್ಲಿ ಅವನಿಗಿದ್ದ ಅಧ್ಯಕ್ಷಗಿರಿಯೂ ಹೋಯಿತು. ಮಿಸ್ ಥ್ವೇಟ್ಸ್ ಫೋನು ಮಾಡಿ, "ಪರವಾಗಿಲ್ಲ, ಇನ್ನೂ ಸುಧಾರಿಸಬಹುದು" ಎಂದಷ್ಟೇ ಹೇಳಿ ಇಟ್ಟರು.

ಸೋಮವಾರ ಬೆಳಿಗ್ಗೆ ಹಿಲ್ಡಾ ಟೋಸ್ಟು ತಂದಾಗ ಮೇಜಿನ ಮೇಲೆ ತಟ್ಟೆ ಇಡಲು ಜಾಗವಿರಲಿಲ್ಲ. ಮೀನುಗಾರಿಕೆ, ಚರಂಡಿ, ಪಿಂಚಣಿ ಎಂದು ಮಸೂದೆಗಳ ರಾಶಿ. ಲಿಯೊನಾರ್ಡ್ ಕನ್ನಡಕ ಮೂಗಿಗೇರಿಸಿ ಓದುತ್ತಿದ್ದ.

"ಏನ್ ಲೆನ್ ಇದು?"

"ಈ ವಾರ ಏಳು ಮತ ಇದೆ," ಎಂದು ನರಳಿದ. "ಯಾವ ಬಾಗಿಲು ಅಂತ ಏಳಕ್ಕೂ ನಾನೇ ಯೋಚ್ನೆ ಮಾಡ್ಬೇಕು. ಚರಂಡಿದು ನೂರಾ ನಲವತ್ತು ಪುಟ, ಹಿಲ್ಡಾ."

ಅವಳು ಪಿಂಚಣಿಯನ್ನು ಎತ್ತಿ ಕುರ್ಚಿಯ ಮೇಲಿಟ್ಟು, ಟೋಸ್ಟಿಗೆ ಬೆಣ್ಣೆ ಸವರತೊಡಗಿದಳು.